ಸಮಾಧಿ ಕಲ್ಲಿನ ಮೇಲೆ ಇನ್ನೆರಡು ಹೆಸರು

ರಾತ್ರಿ ನಿದ್ದೆ ಬರದೆ ಸುಮ್ನೆ 'ಲಾರ್ಡ್ ಆಫ್ ದಿ ರಿಂಗ್ಸ್' ಕಾದಂಬರಿ ಬರೆದ ಟೋಲ್ಕಿನ್ ಬಗ್ಗೆ ಓದುತ್ತಾ ಕೂತಿದ್ದೆ. 1916ರಲ್ಲಿ, ಮೊದಲ ಮಹಾಯುದ್ಧದಲ್ಲಿ, ಫ್ರಾನ್ಸಿನ ಸೋಮ್ ಕದನಕ್ಕೆ ಹೋದವರು, ಹೇನಿನಿಂದ ಹರಡುವ ಟ್ರೆಂಚ್ ಜ್ವರ ಹಿಡಿದು ಇಂಗ್ಲೆಂಡಿಗೆ ವಾಪಸ್ ಬಂದರು. ಜೀವದ ಗೆಳೆಯರಲ್ಲಿ ಇಬ್ಬರು ಬರಲೇ ಇಲ್ಲ. ಆ ಕಾದಂಬರಿಯಲ್ಲಿ ನೀರಿನಡಿಯಿಂದ ಸತ್ತವರ ಮುಖ ಇಣುಕುವ ಆ ಜೌಗು ಇದೆಯಲ್ಲ, ಅದರ ಮೇಲೆ ಸೋಮ್ ನಂತರದ ಉತ್ತರ ಫ್ರಾನ್ಸಿನ ಋಣ ಸ್ವಲ್ಪ ಇದೆ ಅಂತ ಅವರೇ ಪತ್ರದಲ್ಲಿ ಬರೆದಿದ್ದಾರೆ. ಸ್ವಲ್ಪವಂತೆ!

ನನಗೆ ಜಾಸ್ತಿ ತಟ್ಟಿದ್ದು ಇನ್ನೊಂದು. 1917ರಲ್ಲಿ, ಇಂಗ್ಲೆಂಡಿನ ರೂಸ್ ಅನ್ನೋ ಹಳ್ಳಿಯ ಹತ್ತಿರ, ಬಿಳಿ ಹೂವಿನ ಗಿಡಗಳ ನಡುವೆ ಟೋಲ್ಕಿನ್ ಹೆಂಡತಿ ಈಡಿತ್ ಗಂಡನಿಗಾಗಿ ಕುಣಿದರು. ಅದರಿಂದ ಹುಟ್ಟಿದವಳೇ ಅವರ ಕಥೆಗಳ ನಾಯಕಿ ಲೂಥಿಯನ್. ಆಕ್ಸ್‌ಫರ್ಡಿನ ಸಮಾಧಿ ಕಲ್ಲಿನಲ್ಲಿ ಈಡಿತ್ ಹೆಸರಿನ ಕೆಳಗೆ ಲೂಥಿಯನ್, ಟೋಲ್ಕಿನ್ ಹೆಸರಿನ ಕೆಳಗೆ ಕಥೆಯಲ್ಲಿ ಅವಳ ಪ್ರಿಯಕರನಾದ ಬೆರೆನ್.

ಬೆಳಗ್ಗೆ ನನ್ನ ಹೆಂಡತಿಗೆ ಹೇಳಿದೆ. "ಕುಣಿಯೋದಿರಲಿ, ಮೊದಲು ಹಾಲು ತಗೊಂಡು ಬನ್ನಿ" ಅಂದಳು.