ಹಳೆಯ ಉಪ್ಸಾಲದಲ್ಲಿ ಗುಡುಗು

ಸ್ವೀಡನ್ನಿನಲ್ಲಿದ್ದ ಒಂಬತ್ತು ದಿನಗಳಲ್ಲಿ ನೋಡಿದ ಅರಮನೆ, ವಸ್ತುಸಂಗ್ರಹಾಲಯಗಳೆಲ್ಲ ಈಗ ಒಂದರೊಳಗೊಂದು ಕಲಸಿಹೋಗಿವೆ. ಅಳಿಯದೆ ಉಳಿದಿರುವುದು ಜುಲೈ ತಿಂಗಳ ಒಂದು ಮಧ್ಯಾಹ್ನ, ಹಳೆಯ ಉಪ್ಸಾಲದ ಚರ್ಚಿನ ಬಾಗಿಲಲ್ಲಿ ಮಳೆಗೆ ಸಿಕ್ಕಿ ನಿಂತ ಮುಕ್ಕಾಲು ಗಂಟೆ.

ಸ್ಟಾಕ್‌ಹೋಮಿನಿಂದ ಸುಮಾರು 70 ಕಿಲೋಮೀಟರ್ ಉತ್ತರಕ್ಕಿರುವ ಉಪ್ಸಾಲದವರೆಗೆ ರೈಲು ಸುಖವಾಗಿಯೇ ಇತ್ತು. ಆದರೆ ಅಲ್ಲಿಂದ ಮುಂದಿನ ಬಸ್ಸಿನ ಚಾಲಕ ನಾನು ಚಾಚಿದ ನೋಟನ್ನು ಮುಟ್ಟಲೂ ಇಲ್ಲ. ಅಲ್ಲಿನ ಬಸ್ಸುಗಳಲ್ಲಿ ನಗದು ನಡೆಯುವುದಿಲ್ಲವೆಂದು ಗೊತ್ತಿಲ್ಲದೆ ಕಾರ್ಡನ್ನು ಕೋಣೆಯಲ್ಲೇ ಬಿಟ್ಟು ಬಂದಿದ್ದ ತಪ್ಪಿಗೆ ಐದು ಕಿಲೋಮೀಟರ್ ನಡೆಯಬೇಕಾಯಿತು. ಹೋಗುವವರು ಕಾರ್ಡನ್ನು ಜೇಬಿನಲ್ಲೇ ಇಟ್ಟುಕೊಳ್ಳಿ.

ಸುಮಾರು 1,500 ವರ್ಷ ಹಳೆಯ ಮೂರು ರಾಜಸಮಾಧಿ ದಿಬ್ಬಗಳು ಹುಲ್ಲು ಹೊದ್ದು ಮಲಗಿರುವ ಈ ಊರಿನ ದೇಗುಲದಲ್ಲಿ ಮೂರು ದೇವರಿದ್ದರೆಂದೂ, ಗುಡುಗು, ಗಾಳಿ, ಮಳೆಗಳ ಒಡೆಯನಾದ ಥಾರ್ ನಡುವೆ ಕೂತಿದ್ದನೆಂದೂ 11ನೇ ಶತಮಾನದಲ್ಲಿ ಬ್ರೆಮೆನ್ನಿನ ಆಡಂ ಎಂಬ ಪಾದ್ರಿ ಬರೆದಿದ್ದಾನೆ. ದೇಗುಲ ಈಗ ಕಾಣಸಿಗದು. ದಿಬ್ಬಗಳ ಪಕ್ಕದಲ್ಲಿ ನಿಂತಿರುವುದು ಕಲ್ಲಿನ ಚರ್ಚು. ನಾನು ದಿಬ್ಬಗಳನ್ನು ಸುತ್ತಿ ಬರುವಷ್ಟರಲ್ಲಿ ಮೋಡ ಕವಿಯಿತು.

ಬಾಗಿಲಲ್ಲಿ ಆಗಲೇ ನಿಂತಿದ್ದ ನಿವೃತ್ತ ಶಾಲಾ ಶಿಕ್ಷಕಿಯೊಬ್ಬರಿಗೆ, ಫೋನಿನ ಹವಾಮಾನ ಸೂಚನೆಯಲ್ಲಿ ಓದಿದ್ದ ಪದವನ್ನು ‘ಅಸ್ಕ’ ಎಂದು ಹೇಳಿ ತೋರಿಸಿದೆ. ಅವರು ನಕ್ಕರು. “ಅಸ್ಕ ಎಂದರೆ ಬೂದಿ. ನೀವು ಕೇಳುತ್ತಿರುವುದು ಒಸ್ಕ, ಗುಡುಗು.”

ಆ ಪದದಲ್ಲಿ ಎರಡು ಪದಗಳು ಬೆಸೆದುಕೊಂಡಿವೆಯೆಂದು ಅವರು ವಿವರಿಸಿದರು. ಮೊದಲರ್ಧ ‘ಓಸ್’, ಹಳೆಯ ದೇವಕುಲದ ದೇವರು. ಉಳಿದರ್ಧ ಗಾಡಿಯಲ್ಲಿ ಸಾಗುವುದನ್ನು ಹೇಳುವ ಹಳೆಯ ಮಾತು, ಇಂದಿಗೂ ಸ್ವೀಡಿಷ್‌ನಲ್ಲಿ ಪ್ರಯಾಣಿಸುವುದಕ್ಕಿರುವ ‘ಓಕ’ ಎಂಬ ಕ್ರಿಯಾಪದದ ನಂಟು. ಗುಡುಗೆಂದರೆ ಎರಡು ಹೋತಗಳನ್ನು ಹೂಡಿದ ರಥದಲ್ಲಿ ಥಾರ್ ಹೋಗುವ ಸದ್ದು. ಡೇನರಿಗೂ ನಾರ್ವೆಯವರಿಗೂ ಅದೇ ಗುಡುಗು ‘ಟೋರ್ಡೆನ್’, ಅಂದರೆ ಥಾರನ ಅಬ್ಬರ. ಸ್ವೀಡಿಷ್ ಪದದಲ್ಲಿ ಮಾತ್ರ ಅವನ ಹೆಸರಿಲ್ಲ. ದಕ್ಷಿಣ ಸ್ವೀಡನ್ನಿನ ತಮ್ಮ ಅಜ್ಜಿಯಂತೂ ‘ಒಳ್ಳೆಯ ಮುದುಕ ಗಾಡಿ ಹೊಡೆಯುತ್ತಿದ್ದಾನೆ’ ಎನ್ನುತ್ತಿದ್ದರೆಂದು ಅವರು ನೆನಪಿಸಿಕೊಂಡಾಗ, ರಾತ್ರಿ ಹೊತ್ತು ಹಾವೆನ್ನದೆ ‘ಹುಳ’ ಎನ್ನುತ್ತಿದ್ದ ನನ್ನ ಅಜ್ಜಿಯೇ ಪಕ್ಕದಲ್ಲಿ ನಿಂತಂತಾಯಿತು. ಮೂರು ದಿನ ಮಾರ್ಗದರ್ಶಕರು ಒಪ್ಪಿಸಿದ ಇಸವಿಗಳಿಗಿಂತ ಈ ಒಂದು ಪದ ನನಗೆ ಹೆಚ್ಚು ರುಚಿಸಿತು.

“ನಿಮ್ಮಲ್ಲಿ ಗುಡುಗಿದಾಗ ಏನು ಮಾಡುತ್ತೀರಿ?” ಎಂದು ಅವರು ಕೇಳಿದರು. ಅರ್ಜುನನ ಹತ್ತು ಹೆಸರುಗಳನ್ನು ಹೇಳುತ್ತೇವೆ ಎಂದೆ. ಹೇಳಿ ನೋಡೋಣವೆಂದರು. ಅರ್ಜುನ, ಫಲ್ಗುಣ, ಪಾರ್ಥ, ಕಿರೀಟಿ ಎಂದು ಸಾಗಿ ‘ಶ್ವೇತವಾಹನ’ದ ಬಳಿ ತಡೆದು, ಬಿಳಿಯ ಕುದುರೆಗಳ ರಥವುಳ್ಳವನು ಎಂದು ಅರ್ಥ ಬಿಡಿಸುವಾಗ ನಾನೇ ಬೆರಗಾದೆ, ಬಾಲ್ಯದಿಂದ ಗುಡುಗಿಗೆ ಹೆದರಿ ಜಪಿಸಿದ ಆ ಹೆಸರಿನಲ್ಲೂ ಒಂದು ಗಾಡಿ ಇರುವುದು ಅಲ್ಲಿಯವರೆಗೆ ನನ್ನ ಗಮನಕ್ಕೇ ಬಂದಿರಲಿಲ್ಲ.

“ಕುದುರೆಗಳೇ! ನಮ್ಮವನದು ಬರೀ ಹೋತ” ಎಂದು ಅವರು ಕೊಡೆ ಬಿಚ್ಚಿದರು. ಗುಡುಗು ದಿಬ್ಬಗಳಾಚೆಗೆ ಸರಿದಿತ್ತು. ಬಸ್ ನಿಲ್ದಾಣದಲ್ಲಿ ತಮ್ಮ ಕಾರ್ಡಿನಿಂದಲೇ ನನಗೂ ಒಂದು ಟಿಕೆಟ್ ತೆಗೆಸಿ, ನಾನು ಚಾಚಿದ ನೋಟನ್ನು ಅವರೂ ಮುಟ್ಟಲಿಲ್ಲ.