ಏನೂ ಆಗದಿದ್ದರೂ ಬಂದು ಹೇಳಿ

ಕೊಪ್ಪಳದ ಗಿಣಿಗೇರಾ ಸುತ್ತಮುತ್ತಲಿನ ಕಾರ್ಖಾನೆಗಳಲ್ಲಿ ‘ನಿಯರ್ ಮಿಸ್’ ಎಂಬ ಮಾತು ದಿನವೂ ಕಿವಿಗೆ ಬೀಳುತ್ತದೆ. ಸುರಕ್ಷತಾ ವಿಭಾಗದಲ್ಲಿರುವ ನಾನು ಹೊಸಬರಿಗೆ ಮೊದಲು ಬಿಡಿಸಿ ಹೇಳುವುದು ಇದನ್ನೇ. ನೆಲದ ಮೇಲೆ ಎಣ್ಣೆ ಚೆಲ್ಲಿದ್ದರೆ ಅದು ಅಪಾಯದ ಸ್ಥಿತಿ, ಅಷ್ಟೇ. ಅದರ ಮೇಲೆ ಒಬ್ಬನ ಕಾಲು ಜಾರಿ, ಕಂಬಿ ಸಿಕ್ಕಿದ್ದರಿಂದ ಬೀಳದೆ ಉಳಿದರೆ ನಿಯರ್ ಮಿಸ್. ಬಿದ್ದು ಕೈ ಮುರಿದುಕೊಂಡರೆ ಅಪಘಾತ. ಹೆಲ್ಮೆಟ್ ಹಾಕದವರ ಪಟ್ಟಿಯನ್ನೆಲ್ಲ ನಿಯರ್ ಮಿಸ್ ಚೀಟಿಯಲ್ಲಿ ತುಂಬಿಸಿ ಕೊಡುವ ಮೇಲ್ವಿಚಾರಕರಿದ್ದಾರೆ. ಅದರಿಂದ ಲೆಕ್ಕ ಬೆಳೆಯುತ್ತದೆಯೇ ಹೊರತು ಅಪಾಯ ಎಲ್ಲಿದೆ ಎಂಬುದು ತಿಳಿಯುವುದಿಲ್ಲ.

ಒಮ್ಮೆ ಕನ್ವೇಯರ್ ದುರಸ್ತಿ ನಡೆದಾಗ ಮೇಲಿನ ಅಟ್ಟಣೆಯಿಂದ ದೊಡ್ಡ ಸ್ಪ್ಯಾನರ್ ಜಾರಿ, ಕೆಳಗೆ ಬೋಲ್ಟ್ ಆರಿಸುತ್ತಿದ್ದ ಹುಡುಗನ ಪಕ್ಕದಲ್ಲೇ ಬಿತ್ತು. ‘ತಲೆಗೆ ಬಂದದ್ದು ಪೇಟಕ್ಕೆ ಹೋಯಿತು, ಹುಲಿಗೆಮ್ಮ ಕಾಪಾಡಿದಳು’ ಎಂದು ಹಿರಿಯ ಫಿಟ್ಟರ್ ಕೈಮುಗಿದರು. ಆ ಭಕ್ತಿಯ ಬಗ್ಗೆ ನನಗೆ ಗೌರವವಿದೆ. ಆದರೆ ಮೇಲೆ ಹತ್ತಿ ನೋಡಿದರೆ, ಅಟ್ಟಣೆಯ ಅಂಚಿನಲ್ಲಿ ಇರಬೇಕಾದ ಅಡ್ಡತಗಡನ್ನು ಹಿಂದಿನ ದುರಸ್ತಿಗೆಂದು ಬಿಚ್ಚಿದವರು ಮತ್ತೆ ಕೂಡಿಸಿರಲೇ ಇಲ್ಲ. ಸ್ಪ್ಯಾನರಿಗೆ ಕಟ್ಟುವ ಹಗ್ಗವೂ ಇರಲಿಲ್ಲ. ಕೆಳಗೆ ಜನ ಓಡಾಡದಂತೆ ಪಟ್ಟಿ ಕಟ್ಟಿರಲಿಲ್ಲ. ಅಲ್ಲಿಗೆ ಮೂರು ಕಡೆ ಕೆಲಸ ಬಾಕಿ ಉಳಿದಿತ್ತು. ಯಾರ ರಕ್ತವೂ ಹರಿಯದೆ ಇಷ್ಟು ತಿಳಿಯಿತಲ್ಲ, ಅದಕ್ಕೇ ನಾನು ಈ ಚೀಟಿಗಳಿಗಾಗಿ ಜನರ ಬೆನ್ನು ಹತ್ತುತ್ತೇನೆ.

ಅಮೆರಿಕದ ವಿಮಾ ಕಂಪನಿಯೊಂದರಲ್ಲಿದ್ದ ಹೈನ್‌ರಿಕ್ 1931ರಲ್ಲಿ ಒಂದು ಲೆಕ್ಕ ಮುಂದಿಟ್ಟರು: ಒಂದು ದೊಡ್ಡ ಗಾಯದ ಹಿಂದೆ 29 ಸಣ್ಣ ಗಾಯಗಳು, ಗಾಯವೇ ಆಗದ 300 ಘಟನೆಗಳು. ಈ ಅನುಪಾತವನ್ನು ಮುಂದೆ ಹಲವರು ಪ್ರಶ್ನಿಸಿದ್ದಾರೆ, ಎಲ್ಲ ಕಾರ್ಖಾನೆಗೂ ಅದು ಹೊಂದುತ್ತದೆಂದು ನಾನೂ ನಂಬುವುದಿಲ್ಲ. ಆ 300ನ್ನು ಲೆಕ್ಕಕ್ಕೆ ತಂದದ್ದು ಮಾತ್ರ ದೊಡ್ಡ ಉಪಕಾರ. ನಮ್ಮ ಕಾರ್ಖಾನೆ ಕಾಯ್ದೆಯ 88ಎ ಕಲಂ ಕೂಡ, ನಿಗದಿಪಡಿಸಿದ ಅಪಾಯಕಾರಿ ಘಟನೆಗಳು ನಡೆದರೆ ಯಾರಿಗೂ ಗಾಯವಾಗದಿದ್ದರೂ ಅಧಿಕಾರಿಗಳಿಗೆ ತಿಳಿಸಬೇಕೆಂದು ಹೇಳಿತ್ತು.

ಕಾರ್ಮಿಕರು ಬಾಯಿ ಬಿಡದಿರುವುದು ಅರ್ಥವಾಗದೆ ಅಲ್ಲ, ಹೆದರಿಕೆಯಿಂದ. ಗುತ್ತಿಗೆಯ ಹುಡುಗ ಹೇಳಿದರೆ ನಾಳೆ ಗೇಟ್ ಪಾಸ್ ಸಿಗುತ್ತದೋ ಇಲ್ಲವೋ ಎಂಬ ಚಿಂತೆ ಅವನದು. ಚೀಟಿ ಕೊಟ್ಟವನಿಗೇ ‘ನೀನೇಕೆ ಅಲ್ಲಿಗೆ ಹೋದೆ?’ ಎಂದು ಗದರಿಸಿದರೆ ಆ ಪಾಳಿಯಿಂದ ಮತ್ತೊಂದು ಚೀಟಿ ಬರುವುದಿಲ್ಲ. ಆದ್ದರಿಂದ ನಮ್ಮಲ್ಲಿ ಹೆಸರು ಬರೆಯುವುದು ಕಡ್ಡಾಯವಲ್ಲ. ಚೀಟಿ ಕನ್ನಡದಲ್ಲೂ ಹಿಂದಿಯಲ್ಲೂ ಇದೆ. ಬರೆಯಲು ಬಾರದವರು ಬಾಯಲ್ಲಿ ಹೇಳಿದರೆ ನಾನೇ ಬರೆದುಕೊಳ್ಳುತ್ತೇನೆ. ಏನು ಸರಿಪಡಿಸಿದೆವು, ಏನು ಇನ್ನೂ ಬಾಕಿ ಇದೆ ಎಂಬುದನ್ನು ಮರುದಿನದ ಪಾಳಿ ಆರಂಭದಲ್ಲಿ ಎಲ್ಲರ ಮುಂದೆ ಓದುತ್ತೇವೆ. ಬಾಕಿಯ ಪಟ್ಟಿ ಓದುವಾಗ ವ್ಯವಸ್ಥಾಪಕರೂ ಅಲ್ಲಿರಬೇಕು ಎಂಬ ಒಂದು ವಿಷಯದಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ.