ಕರೆಂಟ್ ಹೋದಾಗ ಸಿಕ್ಕ ಶಾಟ್

ನಮ್ಮ ಸಿನಿಮಾ ಮೇಷ್ಟ್ರಿಗೆ ‘ಘಟಶ್ರಾದ್ಧ’ ಅಂದ್ರೆ ಪ್ರಾಣ. ಕ್ಲಾಸಿನಲ್ಲಿ ಅದನ್ನು ನಿಲ್ಲಿಸಿ ನಿಲ್ಲಿಸಿ ತೋರಿಸುತ್ತಿದ್ದರು. ಪುಣೆಯಲ್ಲಿ ಓದಿ ಬಂದ ಗಿರೀಶ್ ಕಾಸರವಳ್ಳಿ 1977ರಲ್ಲಿ ಮಾಡಿದ್ದು, ಸ್ವರ್ಣಕಮಲ ಪಡೆದದ್ದು ಅಂತೆಲ್ಲ ನಮಗೂ ಗೊತ್ತಿತ್ತು. ಮೇಷ್ಟ್ರ ಕಣ್ಣು ಇದ್ದದ್ದು ನಾಣಿ ಅನ್ನೋ ಹುಡುಗನ ಮೇಲೆ. ವಿಧವೆ ಯಮುನೆಗೆ ಏನಾಗುತ್ತಿದೆ ಅಂತ ಅವನಿಗೆ ಪೂರ್ತಿ ತಿಳಿಯಲ್ಲ, ಆದರೂ ಅವನ ಜೊತೆಗೇ ನಾವು ನೋಡುತ್ತೇವೆ. ‘ನಿಮ್ಮ ಸಿನಿಮಾದಲ್ಲೂ ಮಗುವಿಗೆ ಕಾಣದ್ದು ಕ್ಯಾಮೆರಾಗೆ ಕಾಣಬಾರದು’ ಅಂದರು. ಕ್ಲಾಸಿಗೆ ನಾವು ಮಾಡಬೇಕಿದ್ದ ಸಿನಿಮಾಕ್ಕೆ ಅದು ಮೊದಲ ಷರತ್ತು.

ಎರಡನೆಯದು ಇನ್ನೂ ಕಷ್ಟದ್ದು. ನಾವು ಆರು ಜನ, ಸಿನಿಮಾ ಒಂದೇ. ಸೀನ್ ಬದಲಾದಾಗಲೆಲ್ಲ ಕೆಲಸವೂ ಬದಲಾಗಬೇಕು. ಬೆಳಗ್ಗೆ ‘ಆ್ಯಕ್ಷನ್’ ಅಂದವನು ಮಧ್ಯಾಹ್ನ ಥರ್ಮೊಕೋಲ್ ಹಿಡಿದು ಬಿಸಿಲು ತಿರುಗಿಸಬೇಕು. ಇದರಿಂದ ಜಗಳ ಕಮ್ಮಿಯಾಗಲಿಲ್ಲ, ಜಗಳದ ದನಿ ಮಾತ್ರ ತಗ್ಗಿತು. ಇವತ್ತು ನೀನು ಸತಾಯಿಸಿದರೆ ನಾಳೆ ನಿನ್ನ ಸೀನಿಗೆ ನಾನೇ ಕ್ಯಾಮೆರಾ, ಅಲ್ವಾ?

ಕಥೆ ಇಷ್ಟೇ: ಒಬ್ಬಳು ಹುಡುಗಿ ರಾಗಿ ಬೀಸಿಸಿಕೊಂಡು ಬರಲು ಫ್ಲೋರ್ ಮಿಲ್ಲಿಗೆ ಹೋಗುತ್ತಾಳೆ, ಪಾಳಿಗೆ ಕಾಯುತ್ತಾಳೆ, ದೊಡ್ಡವರ ಮಾತು ಕೇಳಿಸಿಕೊಳ್ಳುತ್ತಾಳೆ. ಮೈಸೂರಿನ ಹಳೇ ಬಡಾವಣೆಯ ಒಂದು ಮಿಲ್ಲಿನವರು ಒಪ್ಪಿಕೊಂಡರು. ಗಿರಾಕಿಗಳನ್ನು ಮಾತ್ರ ನಿಲ್ಲಿಸಲ್ಲ ಅಂದರು. ಒಳಗೆ ಎರಡು ಮಿಷನ್ನು, ಒಂದು ರಾಗಿ–ಗೋಧಿಗೆ, ಇನ್ನೊಂದು ಖಾರದ ಪುಡಿಗೆ. ಖಾರದ್ದು ಶುರುವಾದರೆ ಬೂಮ್ (ಮೈಕ್ ಕಟ್ಟಿದ ಉದ್ದ ಕೋಲು) ಹಿಡಿದವರಿಂದ ಹಿಡಿದು ಎಲ್ಲರಿಗೂ ಸೀನು. ಆ ಟೇಕುಗಳಲ್ಲಿ ನಮ್ಮ ಸೀನೇ ಜಾಸ್ತಿ ರೆಕಾರ್ಡ್ ಆಗಿದೆ.

ಅವತ್ತು ಸೌಂಡ್ ನನ್ನದು. ಹೆಡ್‌ಫೋನ್ ಹಾಕಿದರೆ ಬೆಲ್ಟಿನ ಪಟಪಟ, ಕಲ್ಲಿನ ಗುರ್ರ್ ಬಿಟ್ಟು ಬೇರೇನೂ ಇಲ್ಲ. ನಾವು ಕೂತು ಬರೆದ ಮಾತುಗಳು ಅದರೊಳಗೆ ಹಿಟ್ಟಾದವು. ಡಬ್ಬಿಂಗ್ ಮಾಡಿದರಾಯಿತು ಅಂತ ಒಬ್ಬ, ಮಿಷನ್ ನಿಲ್ಲಿಸಿ ಮಾತು ಬೇರೆ ತೆಗೆಯೋಣ ಅಂತ ಇನ್ನೊಬ್ಬಳು. ನಾನು ಗಿರಾಕಿಗಳನ್ನು ನೋಡುತ್ತಿದ್ದೆ. ಅವರು ಆ ಗದ್ದಲದಲ್ಲೂ ಆರಾಮಾಗಿ ವ್ಯವಹಾರ ಮುಗಿಸುತ್ತಿದ್ದರು. ಹೆಬ್ಬೆರಳನ್ನು ತೋರುಬೆರಳಿಗೆ ಉಜ್ಜಿದರೆ ‘ನುಣ್ಣಗೆ’. ಬಂದ ಹಿಟ್ಟನ್ನು ಚಿಟಿಕೆ ಹಿಡಿದು ನೋಡಿ ತಲೆ ಅಲ್ಲಾಡಿಸಿದರೆ ಇನ್ನೊಂದು ಸುತ್ತು. ನಮ್ಮ ಹುಡುಗಿಗೂ ಅದೇ ಸಾಕಲ್ಲ ಅಂದೆ. ಎರಡು ಪುಟದ ಸಂಭಾಷಣೆ ಹೋಯಿತು. ಬರೆದವನು ಊಟಕ್ಕೆ ಬರಲಿಲ್ಲ.

ಸಂಜೆ ಅವಳ ಪಾಳಿ ಬಂತು. ರಾಗಿ ಸುರಿದಾಯಿತು, ಡಬ್ಬಿ ಅರ್ಧ ತುಂಬಿತ್ತು. ಕರೆಂಟ್ ಹೋಯಿತು, ನಿಜವಾಗಿ. ಬೆಲ್ಟು ಒಂದೇ ಸಲಕ್ಕೆ ನಿಲ್ಲಲ್ಲ. ಟಪ್, ಟಪ್, ಟಪ್ ಅಂತ ನಿಧಾನವಾಗಿ ನಿಂತಿತು. ಅಲ್ಲಿವರೆಗೆ ಕಿರುಚುತ್ತಿದ್ದ ಹೆಂಗಸೊಬ್ಬರ ಮಾತು ಆ ಮೌನದಲ್ಲಿ ಇಡೀ ಬೀದಿಗೆ ಕೇಳಿಸಿತು: ‘…ಮನೇಲಿ ಹೇಳಿಲ್ಲ!’ ಏನು ಹೇಳಿಲ್ಲ ಅಂತ ನಮಗೂ ಗೊತ್ತಿಲ್ಲ. ಆಕೆ ನಾಲಿಗೆ ಕಚ್ಚಿಕೊಂಡರು. ಹುಡುಗಿ ತಲೆ ಎತ್ತಿ ಅವರನ್ನು ನೋಡಿದಳು, ಆಮೇಲೆ ಡಬ್ಬಿಯನ್ನು.

ಕಟ್ ಹೇಳುವ ಮುಂಚೆ ಮನಸ್ಸಿನಲ್ಲೇ ಹತ್ತು ಎಣಿಸಿ ಅಂತ ಮೇಷ್ಟ್ರು ಕ್ಲಾಸಿನಲ್ಲಿ ಹೇಳುತ್ತಲೇ ಇದ್ದರು. ಕ್ಯಾಮೆರಾದಲ್ಲಿದ್ದವಳು ಎಣಿಸುತ್ತಿದ್ದಳೋ, ಸುಮ್ನೆ ಬೆಚ್ಚಿಬಿದ್ದು ನಿಂತಿದ್ದಳೋ, ಇವತ್ತಿಗೂ ಬಾಯಿ ಬಿಟ್ಟಿಲ್ಲ. ಶಾಟ್ ಮಾತ್ರ ಪೂರ್ತಿ ಸಿಕ್ಕಿತ್ತು. ಆ ಹೆಂಗಸು ‘ಹಾಕ್ಕೊಳ್ಳಿ, ಮುಖ ಬೇಡ’ ಅಂದರು. ಹುಡುಗಿಯ ಎತ್ತರಕ್ಕಿದ್ದ ಕ್ಯಾಮೆರಾದಲ್ಲಿ ಹೇಗೂ ಅವರ ಸೀರೆ ಸೆರಗು, ಕೈಚೀಲ ಅಷ್ಟೇ ಇದ್ದವು.

ಎಡಿಟಿಂಗಿನಲ್ಲಿ ಆರೂ ಜನ ತಮ್ಮ ತಮ್ಮ ಒಳ್ಳೇ ಶಾಟಿಗೆ ಅಂಟಿಕೊಂಡು ಕೂತೆವು. ಮೇಷ್ಟ್ರು ಹೊಸ ಕಾನೂನು ತಂದರು: ಯಾರೂ ತಮ್ಮ ಶಾಟಿನ ಪರ ಮಾತಾಡುವಂತಿಲ್ಲ, ಬೇರೆಯವರದ್ದರ ಪರ ಮಾತ್ರ. ನಾನು ಡೈರೆಕ್ಟ್ ಮಾಡಿದ ಬೀದಿಯ ಸೀನಿಗೆ ಒಬ್ಬರೂ ಬಾಯಿ ತೆರೆಯಲಿಲ್ಲ. ಅದು ಹೋಯಿತು. ಬೇಜಾರಾಯಿತು, ಸುಳ್ಳು ಯಾಕೆ ಹೇಳಲಿ. ಕರೆಂಟ್ ಹೋದ ಶಾಟಿಗೆ ಮಾತ್ರ ಎಲ್ಲರೂ ವಕೀಲರು. ಅದಕ್ಕೆ ಡೈರೆಕ್ಟರ್ ಯಾರು ಅನ್ನೋದು ಕೊನೆಗೂ ತೀರ್ಮಾನವಾಗದೆ, ಟೈಟಲಿನಲ್ಲಿ ಆರು ಹೆಸರನ್ನೂ ಅಕಾರಾದಿಯಲ್ಲಿ ಹಾಕಿದೆವು.

ಮಿಲ್ಲಿನವರಿಗೆ ಲ್ಯಾಪ್‌ಟಾಪಿನಲ್ಲಿ ತೋರಿಸಿದೆವು. ಪೂರ್ತಿ ನೋಡಿ, ಖಾರದ ಮಿಷನ್ ಯಾಕೆ ಹಾಕಿಲ್ಲ, ಹೋದ ವರ್ಷವಷ್ಟೇ ಹೊಸದು ತಂದಿದ್ದು ಅಂತ ಕೇಳಿದರು.